124 ಬಟಾ 2

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೊಳಗಿನ ಊರುಗಳು. ನೀರಿನ ವಿಷಯಕ್ಕೂ ಒಮ್ಮತ ಕಾಣದ ಈ ಮೂರು ತಾಲೂಕಿನ ಹುಡುಗರು, ಅರ್ಧಕ್ಕೆ ಕಾಲು ಕೂಡಿಸಿ ಅಂದರೆ ಮಾತ್ರ ಒಂದೇ ದನಿಯಲ್ಲಿ 2/6 ಅನ್ನುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನೋಡಲಿಕ್ಕೆ ಎಷ್ಟು ನ್ಯಾಯ!

ನನ್ನ ಟ್ಯೂಷನ್ನಿಗೆ ನವೋದಯ ಪರೀಕ್ಷೆಗೆ ಕೂಡುವ ಐದನೆತ್ತೆಯವರಿಂದ ಹಿಡಿದು ಸಿಇಟಿಯವರತನಕ ಬರುತ್ತಾರೆ. ನವೋದಯದ 80 ಪ್ರಶ್ನೆಗಳಲ್ಲಿ 20 ಅಂಕಗಣಿತದವು. ಪ್ರಶ್ನೆ ತೆಗೆಯುವವರು ನಮಗಿಂತ ಕಿಲಾಡಿಗಳು. ಆ 2/6 ಅನ್ನು 1/3 ಮಾಡಿ ಆಯ್ಕೆಗಳ ನಡುವೆ ಮೊದಲೇ ಕೂಡಿಸಿರುತ್ತಾರೆ. ತನ್ನ ಉತ್ತರ ಅಚ್ಚಾಗಿದ್ದು ಕಂಡ ಹುಡುಗ ಖುಷಿಯಿಂದ ಗುಂಡು ತುಂಬುತ್ತಾನೆ.

ಲ.ಸಾ.ಅ. ಹೇಳಿ ಹೇಳಿ ಸಾಕಾಗಿ, ಮೂಡಲಗಿ ಕಡೆಯ ಒಬ್ಬನನ್ನು ಕೇಳಿದೆ: “ನಿಮ್ಮಪ್ಪನ ಅರ್ಧ ಎಕರೆ ಐತಿ. ಬಾಜೂಕಿನ ಕಾಲೆಕರೆ ಖರೀದಿ ಮಾಡಿದ. ಎಷ್ಟಾತು?”

“ಮೂವತ್ತು ಗುಂಟೆರಿ.” ಉಸಿರು ಬಿಡುವಷ್ಟೂ ತಡವಿಲ್ಲ.

“ನಿನ್ನ 2/6 ಲೆಕ್ಕದಾಗ ಹದಿಮೂರು ಗುಂಟೆ, ಐದಾಣೆ ಚಿಲ್ಲರೆ. ರೊಕ್ಕ ಕೊಟ್ಟು ಹೊಲ ತಗೊಂಡಮ್ಯಾಲ ಇದ್ದ ಇಪ್ಪತ್ತರಾಗ ಆರು ಗುಂಟೆಕ್ಕಿಂತ ಹೆಚ್ಚು ಹೋತು.”

ಹುಡುಗನ ಮುಖ ಕೆಂಪಾಯಿತು. “ಬದು ಒತ್ತಿದಾವ್ರು ಯಾರ್ರಿ ಸರ?”

ದೊಡ್ಡವರ ರೋಗ ಬೇರೆ. ಮೇಲೊಂದು x, ಕೆಳಗೊಂದು x ಕಂಡರೆ ಕೈ ತಡೆಯುವುದಿಲ್ಲ. (x+6)/x ಬರೆದರೆ ಎರಡೂ x ಕಾಟು ಹೊಡೆದು 6 ಉಳಿಸುತ್ತಾರೆ. ಕೂಡಿಸಿದ್ದನ್ನು ಹಾಗೆ ಹೊಡೆಯಲಿಕ್ಕೆ ಬರುವುದಿಲ್ಲ, ಗುಣಿಸಿದ್ದನ್ನಷ್ಟೇ. “ನಿಮ್ಮ ಹೊಲದ ಉತಾರದಾಗ 124 ಬಟಾ 2 ಅಂತ ಐತಿ. 62 ಮಾಡಿ ಬರಿತೀಯೇನು?” ಅಂದೆ ಒಬ್ಬನಿಗೆ. “ಅದು ಬ್ಯಾರೇದವರ ಹೊಲಾರಿ!” (ಇಂಥವರಿಗೆ ಗಣಿತ ಬರುವುದಿಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.)

ಅಸಮತೆಗೆ ಬಂದರೆ ನನ್ನ ಹೊಲದ ಉಪಾಯವೂ ಕೈಕೊಡುತ್ತದೆ. −2x < 6 ಇದ್ದಲ್ಲಿ −2ರಿಂದ ಭಾಗಿಸಿದರೆ ಚಿಹ್ನೆ ತಿರುಗಿ x > −3 ಆಗಬೇಕು. ಹುಕ್ಕೇರಿಯ ಹುಡುಗ ತಿರುಗಿಸಲಿಲ್ಲ. 5 ದೊಡ್ಡದಾದರೂ −5 ಯಾಕೆ −3ಕ್ಕಿಂತ ಸಣ್ಣದು ಎಂದು ತಿಳಿಸಲು ಸಾಲದ ಮಾತೆತ್ತಿದೆ. “ಐದು ಲಕ್ಷ ಸಾಲ ಇದ್ದಾಂವ, ಮೂರು ಲಕ್ಷ ಸಾಲ ಇದ್ದಾಂವ, ಇಬ್ಬರಾಗ ಸಣ್ಣಾಂವ ಯಾರು?”

“ಮೂರು ಲಕ್ಷದಾಂವರಿ. ಸೊಸೈಟ್ಯಾಗ ದೊಡ್ಡ ಸಾಲ ದೊಡ್ಡವರಿಗಷ್ಟ ಕೊಡ್ತಾರು.”

ಕಬ್ಬಿನ ಸೀಮೆಯ ಅನುಭವದ ಮುಂದೆ ಸಂಖ್ಯಾರೇಖೆ ಏನು ನಿಂತೀತು? x = −4 ಹಾಕಿ ನೋಡು ಅಂದೆ. 8 < 6 ಬಂತು. ಆಗ ತಲೆ ಕೆರೆದುಕೊಂಡ.

ಎಲ್ಲಕ್ಕಿಂತ ನಾಜೂಕಿನ ತಪ್ಪು ಗೋಕಾಕದ ಸಿಇಟಿ ಹುಡುಗಿಯದು. 60 ಪ್ರಶ್ನೆಗೆ 80 ನಿಮಿಷ; ಅವಸರವೂ ಇತ್ತೆನ್ನಿ. 1/x < 2 ಕಂಡವಳೇ ಎರಡೂ ಕಡೆ xನಿಂದ ಗುಣಿಸಿ, x > 1/2 ಎಂದು ಗೆರೆ ಎಳೆದಳು. ಸೊನ್ನೆಯ ಎಡಗಡೆಯ ಸಂಖ್ಯೆಗಳೆಲ್ಲ ಹೊರಗೇ ಉಳಿದವು. x ಋಣವಾಗಿದ್ದರೆ 1/x ಕೂಡ ಋಣವೇ, 2ಕ್ಕಿಂತ ಕಡಿಮೆಯೇ.

“ಆದ್ರ x ಋಣ ಐತಿ ಅಂತ ಪ್ರಶ್ನೆದಾಗ ಎಲ್ಲೂ ಹೇಳಿಲ್ಲಲ್ರಿ ಸರ?”

“ಸಾಲ ಐತಿ ಅಂತ ತಾನಾಗಿ ಯಾರು ಹೇಳ್ಕೋತಾರವ್ವಾ?”