ಕೋಟೆಯ ಮುಂದೆ ವಚನ

1760ರಲ್ಲಿ ಮರಾಠರಿಗೂ ನಿಜಾಮನಿಗೂ ಯುದ್ಧ ನಡೆದ ಉದಗೀರದಲ್ಲಿ, ಕೋಟೆಯನ್ನೇ ಹಿನ್ನೆಲೆಯಾಗಿಸಿ, ಮೊಬೈಲನ್ನು ಇಟ್ಟಿಗೆಗಳ ಮೇಲೆ ಪ್ರತಿಷ್ಠಾಪಿಸಿ, ಬಸವಣ್ಣನವರ ವಚನವೊಂದರ ಚಿತ್ರೀಕರಣಕ್ಕೆ ಉದ್ಯುಕ್ತನಾಗಿದ್ದ ಅಳಿಯನನ್ನು ಕಂಡು ಮಾವನವರು ವಿಸ್ಮಿತರಾದರು.

“ವಚನ ದಯೆಯನ್ನು ಕುರಿತದ್ದು; ಖಡ್ಗವೇತಕ್ಕಯ್ಯಾ?”

“ಕೋಟೆಯಿದೆಯಲ್ಲ, ಮಾವ! ದಯೆಗೆಂದೇ ತಗಡಿನದು ತಂದೆ.”

“ಹಾಡುವವರು?”

“ನಿಲಂಗೆಯ ಅತ್ತೆ ಅಡುಗೆಮನೆಯಿಂದಲೇ ಹಾಡಿ ಕಳುಹಿಸಿದ್ದಾರೆ, ನನ್ನದು ತುಟಿಚಲನೆ ಮಾತ್ರ. ನಡುವೆ ಕುಕ್ಕರು ಸೀಟಿ ಹೊಡೆದಲ್ಲಿ ಖಡ್ಗ ಬೀಸುತ್ತೇನೆ.”

“ಚೀಟಿಯಲ್ಲಿ ಕನ್ನಡ ವಚನ ದೇವನಾಗರಿಯಲ್ಲಿದೆಯಲ್ಲ!”

“ಓದಿದ್ದು ಮರಾಠಿ ಶಾಲೆ. ಕನ್ನಡ ಬಾಯಿಗೆ ಬರುತ್ತದೆ, ಕಣ್ಣಿಗೆ ಬರದು.”

ಅಷ್ಟರಲ್ಲಿ ಉಮರ್ಗಾದಿಂದ ಕರೆ ಬಂದು ಚಿತ್ರೀಕರಣ ಸ್ಥಗಿತವಾಯಿತು.

“ನರ್ತಕರು ಬರಲಾರರಂತೆ. ತಾವೇ ನಿಲ್ಲಬೇಕು, ಮಾವ.”

ಮಾವನವರು ಈ ಸಾಂಸ್ಕೃತಿಕ ಅಧಃಪತನವನ್ನು ಉಗ್ರವಾಗಿ ಖಂಡಿಸುತ್ತಲೇ ರುಮಾಲನ್ನು ನೇರ್ಪಡಿಸಿಕೊಂಡು, ತಮ್ಮ ಎಡಗೆನ್ನೆಯೇ ಚಿತ್ರದಲ್ಲಿ ಹೆಚ್ಚು ಶೋಭಿಸುವುದೆಂದು ಸೂಚಿಸಿದರು.