ಚೆಂಡು ಚಪ್ಪಟೆಯಾದ ಬಗೆ

ಎಲ್‌ಕೆಜಿ ಸೇರುವ ಮುಂಚೆ ಮಗುವಿಗೆ ಚೆಂಡಿನ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ಅದು ಎತ್ತ ಬಿಟ್ಟರೂ ಉರುಳುತ್ತದೆ, ಮಂಚದಡಿ ಸೇರುತ್ತದೆ, ಅಜ್ಜಿ ಕೋಲು ಹಾಕಿ ಎಳೆದರಷ್ಟೇ ಈಚೆ ಬರುತ್ತದೆ. ಈ ಅಜ್ಞಾನವನ್ನು ತೊಲಗಿಸಲು ನಾವು ಸಾಲ ಮಾಡಿ ಫೀ ಕಟ್ಟುತ್ತೇವೆ. ಮಳೆಗಾಲ ಮುಗಿಯುವುದರೊಳಗೆ ಮಗು ಕೈಕಟ್ಟಿ ನಿಂತು ಒಪ್ಪಿಸುತ್ತದೆ: "ಬಾಲ್ ಈಸ್ ಎ ಸರ್ಕಲ್." ಗೋಡೆಯ ಚಾರ್ಟೂ ಅದನ್ನೇ ಹೇಳುತ್ತದೆ. ವೃತ್ತದ ಸಾಲಿನಲ್ಲಿ ಚೆಂಡು, ಕಿತ್ತಳೆ, ಸೂರ್ಯ ಎಲ್ಲವೂ ಶಿಸ್ತಾಗಿ ಚಪ್ಪಟೆಯಾಗಿ ಕೂತಿವೆ. (ಸೂರ್ಯನಿಗೆ ಕೂಲಿಂಗ್ ಗ್ಲಾಸ್ ಬೇರೆ.)

ಚೌಕದ ಪಾಡು ಇನ್ನೂ ಕಷ್ಟ. ನೆಟ್ಟಗೆ ಕೂತರೆ ಸ್ಕ್ವೇರ್, ಮೂಲೆಯ ಮೇಲೆ ನಿಂತರೆ ಡೈಮಂಡ್! ತಟ್ಟೆ ತಿರುಗಿಸಿದ ಮಾತ್ರಕ್ಕೆ ಕೊಬ್ಬರಿ ಮಿಠಾಯಿಯ ಕುಲ ಬದಲಾಗುವುದು ಶಾಲೆಯಲ್ಲಿ ಮಾತ್ರ. ಪಿಯರ್ ಮತ್ತು ಡೀನಾ ವಾನ್ ಹೀಲೆ ಎಂಬ ಡಚ್ ಶಿಕ್ಷಕ ದಂಪತಿ 1957ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಚಿಕ್ಕ ಮಕ್ಕಳು ಆಕಾರವನ್ನು ಅದರ ಒಟ್ಟು ಚಹರೆ ನೋಡಿ ಗುರುತಿಸುತ್ತಾರೆ, ಬಾಹು ಕೋನಗಳ ಗುಣ ನೋಡಿ ಅಲ್ಲ. ಆ ಮೆಟ್ಟಿಲನ್ನು ದಾಟಿಸಬೇಕು ಎಂಬುದು ಅವರ ಮಾತು. ನಾವು ಅದೇ ಮೆಟ್ಟಿಲಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದೆವು.

ಜರ್ಮನಿಯ ಫ್ರೋಬೆಲ್ ಅಂತೂ ಪೂರ್ತಿ ತಲೆಕೆಳಗಿನ ಮನುಷ್ಯ. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಊರಿನಲ್ಲಿ ಪುಟಾಣಿಗಳಿಗಾಗಿ ಕೆಲಸ ಶುರುಮಾಡಿದಾತ ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಉಣ್ಣೆಯ ಚೆಂಡು. ಆಮೇಲೆ ಮರದ ಗೋಳ, ಘನ, ಸಿಲಿಂಡರ್. ಚಪ್ಪಟೆ ಬಿಲ್ಲೆಗಳೂ ಗೆರೆಯಂಥ ಕಡ್ಡಿಗಳೂ ಬಂದದ್ದು ಅವೆಲ್ಲ ಮುಗಿದ ಮೇಲೆ. ಮೊದಲು ವಸ್ತು, ಆಮೇಲೆ ಅದರ ಮುಖ, ಆಮೇಲೆ ಅಂಚು. ಅವನು ಇಟ್ಟ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ನಾವು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡೆವು. ಚೆಂಡನ್ನು ಮಾತ್ರ ಗೇಟಿನಾಚೆಯೇ ಬಿಟ್ಟೆವು, ಕಿಟಕಿ ಗಾಜು ಒಡೆದರೆ ಯಾರು ಕೊಡುತ್ತಾರೆ?

ಹಾಗಂತ ಥ್ರೀಡಿ ಕಲಿಸುವುದೇ ಇಲ್ಲ ಎಂದಲ್ಲ. ಕಲಿಸುತ್ತಾರೆ, ಕಾಗದದ ಮೇಲೆ. ಬರೆದಿಟ್ಟ ಘನಕ್ಕೆ ಗೆರೆ ದಾಟದಂತೆ ಬಣ್ಣ ತುಂಬಬೇಕು. ಉಳಿದದ್ದಕ್ಕೆ ಪ್ರಾಜೆಕ್ಟ್ ಇದೆ. ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಎಂಟಕ್ಕೆ ಅಪ್ಪಣೆ ಹೊರಡುತ್ತದೆ, ನಾಳೆ ಶಂಕು ಮತ್ತು ಸಿಲಿಂಡರ್ ತರತಕ್ಕದ್ದು. ಅಪ್ಪ ಬಾಗಿಲು ಎಳೆಯುತ್ತಿದ್ದ ಅಂಗಡಿಯವನ ಕೈಕಾಲು ಹಿಡಿದು ಥರ್ಮಾಕೋಲ್ ತಂದು, ನಡುಮನೆಯಲ್ಲಿ ಹಿಮ ಸುರಿಸುತ್ತ ಕೊಯ್ಯುತ್ತಾನೆ. ಮಗು ಬೆರಳು ಚಾಚಿದರೆ, "ಏಯ್, ಮುಟ್ಟಬೇಡ, ಮುರಿದುಹೋಗುತ್ತೆ!"

ಅಲ್ಲಿಂದ ಓಡಿಸಿಕೊಂಡ ಮಗು ಅಡುಗೆಮನೆಗೆ ಬರುತ್ತದೆ. ಅಲ್ಲಿ ಅಜ್ಜಿ ಚಪಾತಿಗೆ ಉಂಡೆ ಕಟ್ಟುತ್ತಿದ್ದಾಳೆ. ಅಂಗೈಯಲ್ಲಿ ಗೋಳವಾಗಿದ್ದದ್ದು ಲಟ್ಟಣಿಗೆಯಡಿ ಹೋಗಿ ವೃತ್ತವಾಗಿ ಹೊರಬರುತ್ತಿದೆ, ಲಟ್ಟಣಿಗೆ ತಾನೇ ಸಿಲಿಂಡರ್, ಫೀ ಇಲ್ಲ, ಯೂನಿಫಾರ್ಮ್ ಇಲ್ಲ. ಮಗು ಒಂದು ಚೂರು ಹಿಟ್ಟು ಕೇಳುತ್ತದೆ.

"ಹಿಟ್ಟಲ್ಲಿ ಆಟ ಆಡ್ತೀಯಾ? ನಾಳೆ ಶೇಪ್ಸ್ ಟೆಸ್ಟ್ ಇದೆ, ಹೋಗಿ ಓದ್ಕೋ!"