ಕೂತ್ಕೊಳ್ಳೋ ಕೆಲಸ ತಾನೇ?

"ರಾತ್ರಿಯಿಡೀ ಕುರ್ಚಿ ಮೇಲೆ ಕೂತಿರೋದಕ್ಕೆ ಇನ್ನೆಷ್ಟು ಸಂಬಳ ಕೊಡಬೇಕ್ರೀ?" ಎನ್ನುತ್ತಾರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು. "ನಿದ್ದೆ ಮಾಡ್ತೀನಿ ಅಂತ ಆ ಕುರ್ಚೀನೂ ತೆಗೆಸಿದ್ರಲ್ಲ ಸಾರ್" ಎಂದು ಗಾರ್ಡ್ ಹೇಳುವಂತಿಲ್ಲ. ಹೇಳಿದರೆ ನಾಳೆ ಗೇಟಿನಲ್ಲಿ ಬೇರೆ ಮುಖ. ಅವನ ಪರವಾಗಿ ಲೆಕ್ಕ ನಾವೇ ಹಾಕೋಣ. ಗೇಟು ಕಾಯುವುದು ಹೆಸರಿಗೆ. ಮೋಟಾರು ಹಾಕಬೇಕು, ಟ್ಯಾಂಕರ್ ಬಂದರೆ ಪೈಪು ಹಿಡಿಯಬೇಕು, ಕರೆಂಟು ಹೋದರೆ ಜನರೇಟರಿನತ್ತ ಓಡಬೇಕು. ನಡುರಾತ್ರಿ ಬಿರಿಯಾನಿ ತಂದ ಹುಡುಗನ ವಿವರವನ್ನು ಆ್ಯಪಿನಲ್ಲಿ ಒತ್ತಿ, ಮೇಲಿನವರು ಫೋನೆತ್ತದಿದ್ದರೆ ಇಬ್ಬರಿಂದಲೂ ಬೈಸಿಕೊಳ್ಳಬೇಕು.

"ಕಾನೂನು ಇದೆಯಲ್ಲ!" ಇದೆ, ಧಾರಾಳವಾಗಿದೆ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ಬಂದ ಕೇಂದ್ರದ ಮಾದರಿ ನಿಯಮಗಳು 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಬೇಕೆನ್ನುತ್ತವೆ. ಸ್ಫೋಟಕ ಗುರುತಿಸುವುದೂ ಪಾಠದಲ್ಲಿದೆ. ಮೋಟಾರ್ ಸ್ವಿಚ್ಚಿನ ಅಧ್ಯಾಯ ಬಿಟ್ಟುಹೋಗಿದೆ, ಪಾಪ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂದಿದೆ. ಆದರೆ 12 ಗಂಟೆಯನ್ನೇ 'ಒಂದು ಡ್ಯೂಟಿ' ಎಂದು ಕರೆದುಬಿಟ್ಟರೆ ಹೆಚ್ಚುವರಿ ಎಲ್ಲಿಂದ ಬರಬೇಕು?

"ಏಜೆನ್ಸಿಗೆ ನಾವು ಕೊಡೋದೇನು ಕಮ್ಮಿನಾ?" ಎಂಬ ಮಾತಿನಲ್ಲಿ ಹುರುಳಿದೆ. ಶೇ 18 ಜಿಎಸ್‌ಟಿ, ಪಿಎಫ್, ಇಎಸ್‌ಐ, ಏಜೆನ್ಸಿಯ ಲಾಭ ಎಲ್ಲ ಕಳೆದ ಮೇಲೆ ಉಳಿದದ್ದು ಗಾರ್ಡ್‌ನದು. ಆದರೆ ಅತಿ ಅಗ್ಗದ ಕೊಟೇಶನ್ನನ್ನೇ ಹುಡುಕಿ ಸಹಿ ಹಾಕಿದವರು ಯಾರು? ಮುಂದಿನ ತಿಂಗಳು ಏಜೆನ್ಸಿಯ ಬಿಲ್ಲಿನ ಜೊತೆ ಗಾರ್ಡ್‌ನ ಸಂಬಳದ ಚೀಟಿಯನ್ನೂ ತರಿಸಿ ನೋಡಿ, ಕಾರ್ಯದರ್ಶಿಗಳೇ.